ಹೇಳುವುದು, ಮಾಡಿಸುವುದು

ಫ್ರೆಶರ್‌ಗಳ ಇಂಟರ್‌ವ್ಯೂನಲ್ಲಿ ಎಲ್ಲರೂ ಕೇಳುವ ಒಂದು ಸವಕಲು ಪ್ರಶ್ನೆ ಇದೆ. ಎಚ್‌ಟಿಎಂಎಲ್‌ಗೂ ಜಾವಾಸ್ಕ್ರಿಪ್ಟ್‌ಗೂ ಏನು ವ್ಯತ್ಯಾಸ? ಬರುವ ಉತ್ತರವೂ ಅಷ್ಟೇ ಸವಕಲು. ಎಚ್‌ಟಿಎಂಎಲ್ ಅಸ್ಥಿಪಂಜರ, ಸಿಎಸ್‌ಎಸ್ ಚರ್ಮ, ಜಾವಾಸ್ಕ್ರಿಪ್ಟ್ ಸ್ನಾಯು. ಯೂಟ್ಯೂಬ್‌ನಲ್ಲಿ ಪಾಠ ಮಾಡುವವರೆಲ್ಲ ಇದನ್ನೇ ಹೇಳಿಕೊಟ್ಟಿರುತ್ತಾರೆ. ತಪ್ಪು ಅನ್ನೋಕಾಗಲ್ಲ, ಮಾರ್ಕ್ಸ್ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆದರೆ ಹತ್ತು ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಮೇಲೆ ನನಗೆ ಈ ಉತ್ತರ ಸಾಲದು ಅನ್ನಿಸುತ್ತೆ. ಒಬ್ಬರಿಗೆ ಒಂದು ವಿಷಯ ಹೇಳುವುದಕ್ಕೂ, ಅವರ ಮನೆಯೊಳಗೆ ಹೋಗಿ ಒಂದು ಕೆಲಸ ಮಾಡುವುದಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಇವೆರಡರ ನಡುವೆಯೂ ಅಷ್ಟೇ ವ್ಯತ್ಯಾಸ ಇದೆ. ಅಲ್ಲಿಗೆ ಇದು ನೀತಿಯ ಪ್ರಶ್ನೆಯೂ ಆಗಿಬಿಡುತ್ತೆ.

ಈ ಫೀಲ್ಡ್‌ನಲ್ಲಿ ಇಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಎಚ್‌ಟಿಎಂಎಲ್ ಅಂದರೆ ಮಾರ್ಕಪ್, ಗುರುತು ಹಾಕುವ ಭಾಷೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ, ಇದನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ದಾರಿ. ಅಷ್ಟು ಹೇಳಿ ಅದು ಸುಮ್ಮನಾಗುತ್ತೆ. ಶೀರ್ಷಿಕೆಯನ್ನು ದೊಡ್ಡದಾಗಿ ತೋರಿಸಬೇಕೋ, ಗಟ್ಟಿಯಾಗಿ ಓದಿ ಹೇಳಬೇಕೋ ಅನ್ನೋದು ಓದುವವರ ಕಡೆ ಇರುವ ಬ್ರೌಸರ್‌ಗೆ ಬಿಟ್ಟದ್ದು. ಜಾವಾಸ್ಕ್ರಿಪ್ಟ್ ಆಜ್ಞೆಗಳ ಸಾಲು. ಇದನ್ನು ತೆಗೆ, ಅದನ್ನು ಹಾಕು, ಇಷ್ಟು ಸೆಕೆಂಡು ಕಾಯಿ, ಅವರ ಬೆರಳು ಎಲ್ಲಿಗೆ ಹೋಯ್ತು ನೋಡು. ಈ ಆಜ್ಞೆಗಳನ್ನು ಬರೆದವನು ನಾನು, ಆದರೆ ಅವು ಓಡೋದು ನನ್ನ ಕಂಪ್ಯೂಟರ್ ಮೇಲಲ್ಲ. ನಿಮ್ಮ ಫೋನಿನ ಪ್ರೊಸೆಸರ್, ನಿಮ್ಮ ಬ್ಯಾಟರಿ, ನಿಮ್ಮ ಡೇಟಾ ಪ್ಯಾಕು.

ನಮ್ಮೂರ ಲೆಕ್ಕದಲ್ಲಿ ಹೇಳೋದಾದರೆ ಮಾರ್ಕಪ್ ಲಗ್ನಪತ್ರಿಕೆ ಇದ್ದ ಹಾಗೆ. ವಧು ಇವರು, ವರ ಇವರು, ಮುಹೂರ್ತ ಇಷ್ಟೊತ್ತಿಗೆ, ಛತ್ರ ಇಲ್ಲಿ. ಕನ್ನಡಕ ಹಾಕ್ಕೊಂಡು ನೀವೇ ಓದಿ, ಇಲ್ಲಾ ಮೊಮ್ಮಗಳ ಕೈಲಿ ಓದಿಸಿ, ವಿಷಯ ಅದೇ. ಹೋಗೋದು ಬಿಡೋದು ನಿಮ್ಮಿಷ್ಟ. ಸ್ಕ್ರಿಪ್ಟು ಮದುವೆ ಮನೆಗೆ ಬರುವ ಅಡುಗೆಯವರು. ನಿಮ್ಮ ಒಲೆ, ನಿಮ್ಮ ಸೌದೆ, ನಿಮ್ಮ ನೀರು, ಉಗ್ರಾಣದ ಬಾಗಿಲೂ ತೆರೆದೇ ಇರುತ್ತೆ. ಒಳ್ಳೆಯವರು ಬಂದರೆ ಊರೇ ನೆನಪಿಟ್ಟುಕೊಳ್ಳುವಂಥ ಊಟ. ಲಗ್ನಪತ್ರಿಕೆಯಿಂದ ಯಾರ ಹೊಟ್ಟೆಯೂ ತುಂಬಲ್ಲ, ಅಡುಗೆಯವರು ಬೇಕೇ ಬೇಕು. ಆದರೆ ಪತ್ರಿಕೆ ಕೊಟ್ಟರೆ ಸಾಕು ಅನ್ನುವ ಕಡೆಗೂ ಅಡುಗೆಯವರನ್ನೇ ಕಳಿಸೋದು ಸರೀನಾ? ಕಳಿಸಿದ ಮೇಲೆ ಅವರ ನಡತೆಗೆ ಯಾರು ಜವಾಬ್ದಾರಿ?

ಶುರುವಿನಲ್ಲಿ ಪತ್ರಿಕೆ ಮಾತ್ರ ಇತ್ತು. 1990ರ ಕೊನೆಯಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಪುಟ ಮಾಡಿದಾಗ ಅಲ್ಲಿ ನಾನಾ ಥರದ ಕಂಪ್ಯೂಟರುಗಳಿದ್ದವು. ಕೆಲವಕ್ಕೆ ಮೌಸ್ ಇತ್ತು, ಚಿತ್ರ ತೋರಿಸುವ ಪರದೆ ಇತ್ತು. ಕೆಲವು ಬರೀ ಅಕ್ಷರ ತೋರಿಸುವ ಟರ್ಮಿನಲ್‌ಗಳು. ಎಲ್ಲಕ್ಕೂ ಒಂದೇ ಪುಟ ಹೋಗಬೇಕು ಅಂದರೆ ಪುಟ ತನ್ನ ಬಗ್ಗೆ ‘ನಾನು ಏನು’ ಅಂತ ಹೇಳಿ, ‘ನನ್ನನ್ನು ಹೀಗೇ ತೋರಿಸು’ ಅನ್ನುವ ಹಟ ಬಿಡಬೇಕಿತ್ತು. ಆ ಮೊದಲ ವೆಬ್‌ಸೈಟಿನ ಪುಟಗಳು ಇವತ್ತು ನಿಮ್ಮ ಫೋನಿನಲ್ಲೂ ತೆರೆಯುತ್ತವೆ. ಬರೆದಾಗ ಸ್ಮಾರ್ಟ್‌ಫೋನ್ ಅನ್ನೋದೇ ಇರಲಿಲ್ಲ.

ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. (ಆ ಹತ್ತು ದಿನದ ಆತುರಕ್ಕೆ ನಾವು ಇವತ್ತಿಗೂ ಬಡ್ಡಿ ಕಟ್ತಿದೀವಿ, ಅದು ಬೇರೆ ಮಾತು.)

ಇವೆರಡೂ ಕೆಡುವ ರೀತಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಎಚ್‌ಟಿಎಂಎಲ್‌ನಲ್ಲಿ ಬ್ರೌಸರ್‌ಗೆ ಗೊತ್ತಿಲ್ಲದ ಟ್ಯಾಗ್ ಬಂತು ಅನ್ನಿ. ಅದು ಟ್ಯಾಗನ್ನು ಪಕ್ಕಕ್ಕಿಟ್ಟು ಒಳಗಿರುವ ಮಾತನ್ನು ತೋರಿಸುತ್ತೆ. ಒಂದು ಟ್ಯಾಗ್ ಮುಚ್ಚಲು ಮರೆತರೂ ಹೇಗೋ ಸಂಭಾಳಿಸಿಕೊಂಡು ಹೋಗುತ್ತೆ. ಸ್ಕ್ರಿಪ್ಟಿನಲ್ಲಿ ಒಂದು ಬ್ರ್ಯಾಕೆಟ್ ಬಿಟ್ಟುಹೋದರೆ ಆ ಇಡೀ ಫೈಲು ಓಡಲ್ಲ. ಇದನ್ನು ನಾನು ಸ್ಕ್ರಿಪ್ಟಿನ ದೋಷ ಅಂತ ಹೇಳ್ತಿಲ್ಲ. ಹೇಳಿದ ಮಾತು ಅರ್ಥವಾಗದಿದ್ದರೆ ಬಿಟ್ಟುಬಿಡಬಹುದು, ಆದರೆ ಅರ್ಥವಾಗದ ಆಜ್ಞೆಯನ್ನು ಅರ್ಧಂಬರ್ಧ ಪಾಲಿಸೋಕಾಗಲ್ಲ. ‘ಇವರ ಖಾತೆಯಿಂದ ಎರಡು ಸಾವಿರ ತೆಗೆದು ಅವರ ಖಾತೆಗೆ ಹಾಕು’ ಅನ್ನೋದರಲ್ಲಿ ಮೊದಲರ್ಧ ಮಾತ್ರ ಅರ್ಥವಾಗಿ ಅಷ್ಟನ್ನೇ ಮಾಡಿದರೆ ಗತಿ ಏನು? ನಿಂತುಹೋಗೋದೇ ಮರ್ಯಾದೆ.

ಮಾರ್ಕಪ್ಪನ್ನೂ ಹಾಗೇ ಕಟ್ಟುನಿಟ್ಟು ಮಾಡುವ ಪ್ರಯತ್ನವೂ ನಡೆದಿತ್ತು. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಅನ್ನು ಅದರ ನಿಯಮದ ಪ್ರಕಾರವೇ ಕಳಿಸಿದರೆ, ಒಂದೇ ಒಂದು ಟ್ಯಾಗ್ ತಪ್ಪಿದರೂ ಬ್ರೌಸರ್ ಪುಟ ತೋರಿಸುವುದನ್ನು ನಿಲ್ಲಿಸಿ ತಪ್ಪಿನ ವಿವರ ತೋರಿಸಬೇಕಿತ್ತು. ಶಿಸ್ತಿನ ದೃಷ್ಟಿಯಿಂದ ಕೇಳೋಕೆ ಚೆನ್ನಾಗಿದೆ. ಆದರೆ ಶಿಕ್ಷೆ ಯಾರಿಗೆ? ತಪ್ಪು ಮಾಡಿದವನು ಎಂಜಿನಿಯರ್, ಪುಟ ಸಿಗದೆ ವಾಪಸ್ ಹೋಗುವವನು ಓದುಗ. ಅದರ ಮುಂದಿನ ಆವೃತ್ತಿಯ ಕೆಲಸವನ್ನು 2009ರಲ್ಲಿ ಕೈಬಿಟ್ಟರು. ಅದಕ್ಕೂ ಮೊದಲು, 2007ರಲ್ಲಿ, ಡಬ್ಲ್ಯೂ3ಸಿ ಸಂಸ್ಥೆಯಲ್ಲಿ ಎಚ್‌ಟಿಎಂಎಲ್ ಮುಂದುವರಿಸಲು ಕೂತವರು ವಿನ್ಯಾಸದ ತತ್ವಗಳು ಅಂತ ಒಂದು ಕಡತ ಬರೆದರು. ಅದರಲ್ಲಿ ಒಂದು ಸರದಿ ಇದೆ. ಹಿತಗಳ ನಡುವೆ ಘರ್ಷಣೆ ಬಂದರೆ ಮೊದಲು ಬಳಸುವವರು, ಆಮೇಲೆ ಪುಟ ಬರೆಯುವವರು, ಆಮೇಲೆ ಬ್ರೌಸರ್ ಕಟ್ಟುವವರು, ಆಮೇಲೆ ನಿಯಮ ಬರೆಯುವವರು, ಕಟ್ಟಕಡೆಗೆ ಸಿದ್ಧಾಂತದ ಶುದ್ಧತೆ. ನಾನು ಓದಿದ ಟೆಕ್ನಿಕಲ್ ಕಡತಗಳಲ್ಲಿ ಇಷ್ಟು ನೇರವಾಗಿ ನೀತಿ ಮಾತಾಡಿದ್ದನ್ನು ಬೇರೆಲ್ಲೂ ನೋಡಿಲ್ಲ. ನಾಲ್ಕು ವರ್ಷದ ಬಿಇನಲ್ಲಿ ಯಾರೂ ಇದನ್ನು ನಮಗೆ ಹೇಳಲಿಲ್ಲ, ಸಿಲಬಸ್‌ನಲ್ಲಿ ಇರಲಿಲ್ಲ.

ನಮ್ಮೂರು ತಿಪಟೂರಿನ ಕಡೆ. ತೆಂಗು, ಕೊಬ್ಬರಿ. ಹರಾಜಿನ ದಿನ ಅಪ್ಪನಿಗೆ ರೇಟು ಗೊತ್ತಾಗಬೇಕು. ಒಂದು ಸಲ ಯಾರೋ ತೋರಿಸಿಕೊಟ್ಟ ಯಾವುದೋ ವೆಬ್‌ಸೈಟು ತೆಗೆದು ಕೂತು ನನಗೆ ಫೋನ್ ಮಾಡಿದರು. “ಸುತ್ತುತಾನೇ ಐತೆ ಕಣಪ್ಪ, ನಿಲ್ತಾನೇ ಇಲ್ಲ.”

“ಒಂದ್ಸಲ ರಿಫ್ರೆಶ್ ಮಾಡಿ ನೋಡಪ್ಪ.”

“ಎಲ್ಡ್ ಸಲ ಮಾಡ್ದೆ. ಬೆಳ್ಳಗೆ ಬರ್ತೈತೆ, ಆಮೇಲೆ ಚಕ್ರ. ಅಷ್ಟೇಯ.”

ನಾನು ಇಲ್ಲಿ ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೆರೆದು ನೋಡಿದೆ. ಸರ್ವರ್ ಕಳಿಸುವ ಎಚ್‌ಟಿಎಂಎಲ್‌ನಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಒಂದು ಖಾಲಿ ಡಬ್ಬಿ. ಮಿಕ್ಕಿದ್ದೆಲ್ಲ ಸ್ಕ್ರಿಪ್ಟು ಬಂದು, ಓಡಿ, ಮತ್ತೆ ಸರ್ವರ್ ಹತ್ತಿರ ಹೋಗಿ ಕೇಳಿ, ತಂದು ಸುರಿಯಬೇಕು. ಅಪ್ಪನಿಗೆ ಬೇಕಾಗಿದ್ದದ್ದು ಮೂರು ಸಾಲು. ಆವಕ ಇಷ್ಟು, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವ ಮಾಹಿತಿ. ಪತ್ರಿಕೆ ಕೊಡುವ ಬದಲು ಅಡುಗೆ ತಂಡವನ್ನೇ ಲಾರಿಯಲ್ಲಿ ಕಳಿಸಿದ್ದರು, ಲಾರಿ ಹಳ್ಳಿಯ ದಾರೀಲಿ ಸಿಕ್ಕಿಹಾಕಿಕೊಂಡಿತ್ತು.

ಇಂಥವರು ಎಷ್ಟು ಜನ ಇರ್ತಾರೆ ಅಂತ ನಮ್ಮ ಮೀಟಿಂಗುಗಳಲ್ಲಿ ಕೇಳ್ತಾರೆ. ಬ್ರಿಟನ್ ಸರ್ಕಾರದ ಡಿಜಿಟಲ್ ವಿಭಾಗ 2013ರಲ್ಲಿ ತನ್ನ ಜಾಲತಾಣದಲ್ಲಿ ಅಳೆದು ನೋಡಿತ್ತು. 1.1 ಶೇಕಡಾ ಜನಕ್ಕೆ ಸ್ಕ್ರಿಪ್ಟಿನ ಭಾಗ ತಲುಪುತ್ತಿರಲಿಲ್ಲ. ಗಮನಿಸಬೇಕಾದ್ದು ಮುಂದಿನ ಮಾತು. ಬೇಕಂತಲೇ ಸ್ಕ್ರಿಪ್ಟ್ ಆಫ್ ಮಾಡಿದವರು, ಇಲ್ಲಾ ಅದು ಓಡದಂಥ ಬ್ರೌಸರ್ ಇದ್ದವರು ಅದರಲ್ಲಿ 0.2 ಶೇಕಡಾ ಮಾತ್ರ. ಮಿಕ್ಕ 0.9 ಶೇಕಡಾ ಜನರ ಬ್ರೌಸರ್‌ನಲ್ಲಿ ಸ್ಕ್ರಿಪ್ಟು ಓಡಬೇಕಿತ್ತು, ಓಡಲಿಲ್ಲ. ನೆಟ್‌ವರ್ಕ್ ಕೈಕೊಟ್ಟಿರಬಹುದು, ಆಫೀಸಿನ ಫೈರ್‌ವಾಲ್ ತಡೆದಿರಬಹುದು, ಏನೋ ಒಂದು. ಶೇಕಡಾ ಒಂದು ಅಂದರೆ ಸ್ಲೈಡಿನಲ್ಲಿ ಕಾಣೋದೂ ಇಲ್ಲ. ಮನೆಗೆ ಬಂದ ನೂರು ಜನರಲ್ಲಿ ಒಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಅವರಿಗೆ ಅದು ಶೇಕಡಾ ನೂರು.

ಇದಕ್ಕೆ ನಮ್ಮ ಟೀಮಿನ ಹುಡುಗ ಒಬ್ಬ ಕೊಟ್ಟ ಉತ್ತರವನ್ನೂ ಹೇಳಬೇಕು, ಯಾಕಂದರೆ ಅವನು ಹೇಳಿದ್ದರಲ್ಲಿ ನ್ಯಾಯ ಇದೆ. “ಗುರು, ನೀನು ಮ್ಯಾಪ್ ಇಲ್ಲದೆ ವೈಟ್‌ಫೀಲ್ಡ್‌ನಿಂದ ಮನೆಗೆ ಹೋಗು ನೋಡೋಣ.” ಮ್ಯಾಪು ಸ್ಕ್ರಿಪ್ಟು. ಕನ್ನಡ ವಿಕಿಪೀಡಿಯದಲ್ಲಿ ಯಾವ ಸಾಫ್ಟ್‌ವೇರನ್ನೂ ಹಾಕಿಕೊಳ್ಳದೆ ಬ್ರೌಸರ್‌ನಲ್ಲೇ ಕನ್ನಡ ಟೈಪ್ ಮಾಡಬಹುದು. ಅದೂ ಸ್ಕ್ರಿಪ್ಟಿನ ಕೆಲಸವೇ. ಯಾರದೋ ಕಂಪ್ಯೂಟರಿನಲ್ಲಿ, ಏನನ್ನೂ ಇನ್‌ಸ್ಟಾಲ್ ಮಾಡುವ ಅನುಮತಿ ಇಲ್ಲದ ಕಡೆ ಕೂತು ತನ್ನ ಭಾಷೆಯಲ್ಲಿ ಬರೆಯಬೇಕು ಅನ್ನುವವರಿಗೆ ಅದು ಸಣ್ಣ ಉಪಕಾರ ಅಲ್ಲ. ಮಾರ್ಕಪ್ ಸಾಧು, ಸ್ಕ್ರಿಪ್ಟು ಕಳ್ಳ ಅನ್ನೋ ಲೆಕ್ಕವೂ ಸರಿಯಲ್ಲ. ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಮೇಲ್‌ನಲ್ಲಿ ಹಾಕಿ, ನೀವು ಅದನ್ನು ತೆರೆದಿರೋ ಇಲ್ಲವೋ ಅಂತ ತಿಳಿದುಕೊಳ್ಳೋದಕ್ಕೆ ಒಂದು ಸಾಲು ಸ್ಕ್ರಿಪ್ಟೂ ಬೇಡ.

ಆದರೆ ನಾನು ಹೇಳ್ತಿರೋದು ಮ್ಯಾಪಿನ ವಿಷಯ ಅಲ್ಲ. ಬಟನ್ ವಿಷಯ.

ಎಚ್‌ಟಿಎಂಎಲ್‌ನಲ್ಲಿ ‘ಬಟನ್’ ಅನ್ನುವ ಟ್ಯಾಗ್ ಇದೆ. ಅದನ್ನು ಬಳಸಿದರೆ ಕೀಬೋರ್ಡಿನ ಟ್ಯಾಬ್ ಒತ್ತಿದಾಗ ಅಲ್ಲಿಗೆ ಹೋಗಬಹುದು, ಎಂಟರ್ ಒತ್ತಿದರೆ ಕೆಲಸ ಮಾಡುತ್ತೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ‘ಸಲ್ಲಿಸಿ, ಬಟನ್’ ಅಂತ ಓದುತ್ತೆ. ಇಷ್ಟೂ ಬಿಟ್ಟಿ. ನಮ್ಮಲ್ಲಿ ಏನು ಮಾಡ್ತಾರೆ? ‘ಡಿವ್’ ಅನ್ನುವ ಅರ್ಥವಿಲ್ಲದ ಡಬ್ಬಿ ತಗೊಂಡು, ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ, ‘ಇದರ ಮೇಲೆ ಕ್ಲಿಕ್ ಆದರೆ ಹೀಗೆ ಮಾಡು’ ಅಂತ ಸ್ಕ್ರಿಪ್ಟು ಬರೀತಾರೆ. ನೋಡೋಕೆ ಬಟನ್ನೇ. ಮೌಸ್ ಇರುವವರಿಗೆ ಬಟನ್ನೇ. ಸ್ಕ್ರೀನ್ ರೀಡರ್‌ಗೆ ಮಾತ್ರ ಅದು ಬರೀ ‘ಸಲ್ಲಿಸಿ’ ಅನ್ನೋ ಪದ, ಅಷ್ಟೇ. ಒತ್ತಬಹುದು ಅನ್ನೋದೇ ಗೊತ್ತಾಗಲ್ಲ.

ಯೂನಿಕೋಡ್‌ಗೆ ಮುಂಚೆ ಕನ್ನಡ ಓದಿದವರಿಗೆ ಈ ಕಷ್ಟ ಬೇಗ ಅರ್ಥವಾಗಬೇಕು. ಆಗಿನ ಕನ್ನಡ ವೆಬ್‌ಸೈಟುಗಳಲ್ಲಿ ಕಾಣ್ತಿದ್ದದ್ದು ಕನ್ನಡ, ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಗೊಂಚಲು. ಅದರ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟು. ಆ ಫಾಂಟು ನಿಮ್ಮಲ್ಲಿ ಇಲ್ಲದಿದ್ದರೆ ಪರದೆ ತುಂಬ ವಿಚಿತ್ರ ಗುರುತುಗಳು. ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಕೆಡುತ್ತೆ. ಕಾಣೋದಕ್ಕೆ ಕನ್ನಡ ಆಗಿದ್ದರೆ ಸಾಲದು, ‘ಇದು ಕ’ ಅಂತ ಒಳಗೂ ಹೇಳಿರಬೇಕು ಅನ್ನೋದನ್ನು ನಾವು ಕಷ್ಟಪಟ್ಟು ಕಲಿತಿದೀವಿ. ಮಾರ್ಕಪ್‌ನಲ್ಲಿ ಪುಟದ ತಲೆಗೆ ‘ಭಾಷೆ: ಕನ್ನಡ’ ಅಂತ ಒಂದು ಗುರುತು ಹಾಕಬಹುದು, ಕೆ ಎನ್ ಅನ್ನುವ ಎರಡಕ್ಷರ. ಆ ಗುರುತು ಏನನ್ನೂ ಮಾಡಲ್ಲ, ಪರದೆ ಮೇಲೆ ಕಾಣೋದೂ ಇಲ್ಲ. ಆದರೆ ಓದುವವರ ಕಂಪ್ಯೂಟರಿನಲ್ಲಿ ಕನ್ನಡದ ಧ್ವನಿ ಇದ್ದರೆ, ಅದನ್ನು ನೋಡಿಕೊಂಡು ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿ ಬಿಟ್ಟು ಕನ್ನಡದ ಧ್ವನಿಗೆ ಬದಲಾಗಬಹುದು. ನಿಜ ಹೇಳಿದ್ದಷ್ಟೇ ನಮ್ಮ ಕೆಲಸ, ಮಿಕ್ಕಿದ್ದನ್ನು ನಮಗೆ ಪರಿಚಯವೇ ಇಲ್ಲದ ಯಾರೋ ಬರೆದ ಸಾಫ್ಟ್‌ವೇರು ಮಾಡಿಕೊಳ್ತು. ಎಷ್ಟೋ ಕನ್ನಡ ಪುಟಗಳಲ್ಲಿ ಆ ಜಾಗದಲ್ಲಿ ಇವತ್ತಿಗೂ ‘ಇಂಗ್ಲಿಷ್’ ಅಂತಲೇ ಇರುತ್ತೆ, ಟೆಂಪ್ಲೇಟಿನಲ್ಲಿ ಹಾಗೇ ಬಂದಿತ್ತು, ಯಾರೂ ಬದಲಾಯಿಸಲಿಲ್ಲ.

ಈಗ ಸುಳ್ಳಿನ ವಿಷಯಕ್ಕೆ ಬರ್ತೀನಿ. ‘ಈ ಆಫರ್ ಇವತ್ತು ಸಂಜೆ 6ಕ್ಕೆ ಮುಗಿಯುತ್ತೆ’ ಅಂತ ಪುಟದಲ್ಲಿ ಬರೆದರೆ ಅದು ಒಂದು ಹೇಳಿಕೆ. ಆರೂವರೆಗೆ ಬಂದು ನೋಡಿ ಆಫರ್ ಇನ್ನೂ ಇದ್ದರೆ ‘ನೀವು ಬರೆದದ್ದು ಸುಳ್ಳು’ ಅನ್ನಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಜಗಳ ಆಡಬಹುದು. ಅದೇ ಜಾಗದಲ್ಲಿ ಒಂದು ಗಡಿಯಾರ ಹಾಕಿ, ನೀವು ಬಂದ ಕ್ಷಣದಿಂದ ಹತ್ತು ನಿಮಿಷ ಹಿಂದಕ್ಕೆ ಎಣಿಸುವ ಸ್ಕ್ರಿಪ್ಟು ಬರೆದರೆ? ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡು, ಐವತ್ತೇಳು, ಐವತ್ತಾರು. ನಿಮಗೊಂದು ಸಮಯ, ನನಗೊಂದು ಸಮಯ. ನಾಳೆ ಬಂದರೆ ಮತ್ತೆ ಹತ್ತು ನಿಮಿಷ. ಇಲ್ಲಿ ಯಾರೂ ಏನನ್ನೂ ಹೇಳಿಲ್ಲ. ಅಂಕಿಗಳು ಓಡ್ತಿವೆ, ಅಷ್ಟೇ. ಸುಳ್ಳು ಒಂದು ವಾಕ್ಯವಾಗಿ ಉಳಿಯದೆ ಒಂದು ನಡವಳಿಕೆ ಆಗಿಬಿಟ್ಟಿದೆ. ಕೈಗೆ ಸಿಗೋದು ಕಷ್ಟ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಇಂಥ 13 ಬಗೆಯ ಮೋಸಗಳನ್ನು ಹೆಸರಿಟ್ಟು ಪಟ್ಟಿ ಮಾಡಬೇಕಾಯ್ತು. ಸುಳ್ಳು ಆತುರ ಹುಟ್ಟಿಸೋದು ಅದರಲ್ಲಿ ಒಂದು.

ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಅಂಥ ಗಡಿಯಾರದ ಟಿಕೆಟ್ ನನ್ನ ಹೆಸರಿಗೆ ಬಂತು. ಆಫರ್ ನಿಜಕ್ಕೂ ಯಾವಾಗ ಮುಗಿಯುತ್ತೆ, ಆ ಸಮಯವನ್ನೇ ತೋರಿಸ್ತೀನಿ ಅಂದೆ. ಪ್ರಾಡಕ್ಟ್ ಮ್ಯಾನೇಜರ್ ನಕ್ಕು, “ಮುಗಿಯಲ್ಲ ಬಾಸ್, ಅದೇ ಅಲ್ವಾ ಪಾಯಿಂಟು” ಅಂದರು. ಹಾಗಾದರೆ ‘ಹತ್ತು ನಿಮಿಷದಲ್ಲಿ ಮುಗಿಯುತ್ತೆ’ ಅಂತ ವಾಕ್ಯದಲ್ಲೇ ಬರೆಯೋಣ ಅಂದೆ. ಅದಕ್ಕೆ ಅವರು ಒಪ್ಪಲಿಲ್ಲ, ಹಾಗೆ ಬರೆದರೆ ಲೀಗಲ್‌ನವರು ಕೇಳ್ತಾರಂತೆ. ಬರೆಯೋಕೆ ಹೆದರುವ ಮಾತನ್ನು ಮಾಡಿ ತೋರಿಸೋಕೆ ಹೆದರಿಕೆ ಇಲ್ಲ! ನಾನು ಮಾಡಲ್ಲ ಅಂದೆ. ದೊಡ್ಡ ಸೀನೇನೂ ಆಗಲಿಲ್ಲ. ಟಿಕೆಟ್ ಪಕ್ಕದ ಸೀಟಿನವನ ಹೆಸರಿಗೆ ಹೋಯ್ತು, ಮುಂದಿನ ವಾರ ಗಡಿಯಾರ ಲೈವ್ ಆಯ್ತು. ಕೊಳ್ಳುವವರಿಗೆ ನನ್ನ ನಿರಾಕರಣೆಯಿಂದ ಏನೂ ಸಿಗಲಿಲ್ಲ, ನನ್ನ ನಿದ್ದೆ ಕೆಡಲಿಲ್ಲ ಅಷ್ಟೇ. ನೀತಿ ಅನ್ನೋದು ನಿದ್ದೆ ಮಾತ್ರೆ ಆದರೆ ಸಾಕಾ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಒಳ್ಳೆ ಉತ್ತರ ಇಲ್ಲ.

ಅಡುಗೆಯವರು ಒಳ್ಳೆಯವರೇ ಆದರೂ ಜೊತೆಗೆ ಯಾರನ್ನು ಕರ್ಕೊಂಡು ಬರ್ತಾರೆ ಅನ್ನೋದು ಇನ್ನೊಂದು. ಪುಟಕ್ಕೆ ನಾನೇ ಬರೆದ ಸ್ಕ್ರಿಪ್ಟು ಹಾಕ್ತೀನಿ, ಜೊತೆಗೆ ಅಂಕಿಅಂಶಕ್ಕೆ ಒಬ್ಬರದು, ಚಾಟ್‌ಗೆ ಇನ್ನೊಬ್ಬರದು, ಜಾಹೀರಾತಿಗೆ ಮತ್ತೊಬ್ಬರದು. ಅವರು ತಮ್ಮವರನ್ನು ಕರೀತಾರೆ. ಎಲ್ಲರಿಗೂ ಒಂದೇ ಉಗ್ರಾಣ. 2018ರ ಫೆಬ್ರುವರಿಯಲ್ಲಿ ಬ್ರೌಸ್‌ಅಲೌಡ್ ಅನ್ನುವ ಸ್ಕ್ರಿಪ್ಟಿಗೆ ಯಾರೋ ಕನ್ನ ಹಾಕಿದರು. ಅದು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ, ಓದಲು ಕಷ್ಟವಿರುವವರಿಗೆ ನೆರವಾಗುವ ಸಾಧನ. ಎಷ್ಟೋ ಸರ್ಕಾರಿ ಜಾಲತಾಣಗಳು ಒಳ್ಳೆ ಉದ್ದೇಶದಿಂದಲೇ ಹಾಕಿಕೊಂಡಿದ್ದವು. ಕನ್ನ ಹಾಕಿದವರು ಅದರೊಳಗೆ ಕಾಯಿನ್‌ಹೈವ್ ಅನ್ನುವ, ಓದುವವರ ಕಂಪ್ಯೂಟರನ್ನು ದುಡಿಸಿ ಮೊನೆರೊ ನಾಣ್ಯ ಗಳಿಸುವ ಕೋಡು ಸೇರಿಸಿದರು. ಕೆಲವು ಗಂಟೆ ಕಾಲ 4,000ಕ್ಕೂ ಹೆಚ್ಚು ವೆಬ್‌ಸೈಟುಗಳು ತಮಗೇ ಗೊತ್ತಿಲ್ಲದೆ ತಮ್ಮ ಓದುಗರ ಪ್ರೊಸೆಸರ್‌ನಲ್ಲಿ ಯಾರಿಗೋ ದುಡಿದು ಕೊಟ್ಟವು. ಬ್ರಿಟನ್ನಿನಲ್ಲಿ ಜನರ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿಯ ವೆಬ್‌ಸೈಟೂ ಅದರಲ್ಲಿತ್ತು.

ಇದನ್ನು ತಡೆಯುವ ದಾರಿ ಆಗಲೇ ಇತ್ತು, ತಮಾಷೆ ಅಂದರೆ ಅದು ಮಾರ್ಕಪ್‌ನಲ್ಲೇ ಇತ್ತು. ಸ್ಕ್ರಿಪ್ಟನ್ನು ಕರೆಯುವ ಟ್ಯಾಗಿನಲ್ಲಿ ‘ಈ ಫೈಲಿನ ಬೆರಳಚ್ಚು ಇದು’ ಅಂತ ಒಂದು ಗುರುತು ಬರೆಯಬಹುದು. ಬಂದ ಫೈಲು ಅದಕ್ಕೆ ಹೊಂದದಿದ್ದರೆ ಬ್ರೌಸರ್ ಓಡಿಸಲ್ಲ. 2016ರಲ್ಲೇ ಡಬ್ಲ್ಯೂ3ಸಿ ಇದನ್ನು ಅಧಿಕೃತ ಶಿಫಾರಸು ಮಾಡಿತ್ತು. ಬಾಗಿಲಲ್ಲಿ ನಿಂತು ‘ನೀವು ಹೇಳಿದ ಮನುಷ್ಯ ಇವನೇನಾ?’ ಅಂತ ಕೇಳಿದ ಹಾಗೆ. ಇವತ್ತು ಬೆಂಗಳೂರಿನ ಯಾವುದಾದರೂ ಆಫೀಸಿನಲ್ಲಿ ಕೂತು ನಿಮ್ಮದೇ ಪ್ರಾಡಕ್ಟಿನ ಪುಟದ ಸೋರ್ಸ್ ತೆರೆದು, ಹೊರಗಿನಿಂದ ಬರುವ ಎಷ್ಟು ಸ್ಕ್ರಿಪ್ಟುಗಳಿಗೆ ಈ ಗುರುತು ಇದೆ ಅಂತ ಎಣಿಸಿ ನೋಡಿ. ಐದು ನಿಮಿಷದ ಕೆಲಸ.

ಕ್ಯಾಮೆರಾ ಬೇಕಾದರೆ ಬ್ರೌಸರ್ ನಿಮ್ಮನ್ನು ಕೇಳುತ್ತೆ. ಮೈಕು ಬೇಕಾದರೆ, ನೀವಿರುವ ಜಾಗ ಬೇಕಾದರೆ ಕೇಳುತ್ತೆ. ಸ್ಕ್ರಿಪ್ಟು ಓಡಿಸಲಾ ಅಂತ ಯಾರೂ ಕೇಳಲ್ಲ. ಒಂದೊಂದು ಪುಟಕ್ಕೂ ಕೇಳ್ತಾ ಹೋದರೆ ಎರಡೇ ದಿನಕ್ಕೆ ನಾವೆಲ್ಲ ಕಣ್ಮುಚ್ಚಿ ‘ಹೂಂ’ ಒತ್ತುತೀವಿ, ಕುಕಿಗಳ ಪೆಟ್ಟಿಗೆಗೆ ಒತ್ತುವ ಹಾಗೆ. ಓದುವವರಿಂದ ಒಪ್ಪಿಗೆ ಪಡೆಯೋದು ಸಾಧ್ಯವಿಲ್ಲದ ಕಡೆ ಬರೆಯುವವರೇ ಕೈಬಿಗಿ ಮಾಡಿಕೊಳ್ಳಬೇಕಾಗುತ್ತೆ. ಡಬ್ಲ್ಯೂ3ಸಿಯವರ ಇನ್ನೊಂದು ಕಡತ, 2006ರದ್ದು, ಇದನ್ನೇ ಒಂದು ನಿಯಮದ ಥರ ಇಡುತ್ತೆ. ಕೆಲಸಕ್ಕೆ ಸಾಕಾಗುವ ಭಾಷೆಗಳಲ್ಲಿ ಅತಿ ಕಡಿಮೆ ಶಕ್ತಿಯದ್ದನ್ನು ಆರಿಸಿಕೊಳ್ಳಿ ಅಂತ. ಅವರು ಹೇಳಿದ್ದು ಮಾಹಿತಿಯನ್ನು ಬೇರೆಯವರೂ ಬಳಸೋಕಾಗಲಿ ಅನ್ನುವ ಕಾರಣಕ್ಕೆ. ನನಗೆ ಅದರಲ್ಲಿ ಅದಕ್ಕಿಂತ ಹೆಚ್ಚು ಕಾಣುತ್ತೆ.

ಎಚ್‌ಟಿಎಂಎಲ್‌ನಲ್ಲಿ ‘ನೋಸ್ಕ್ರಿಪ್ಟ್’ ಅನ್ನುವ ಟ್ಯಾಗ್ ಒಂದಿದೆ, ಸ್ಕ್ರಿಪ್ಟು ಆಫ್ ಆಗಿದ್ದರೆ ಮಾತ್ರ ಅದರೊಳಗಿನ ಮಾತು ಕಾಣುತ್ತೆ. ಅದರಲ್ಲಿ ಎಲ್ಲರೂ ಬರೆಯೋದು ‘ದಯವಿಟ್ಟು ಜಾವಾಸ್ಕ್ರಿಪ್ಟ್ ಆನ್ ಮಾಡಿ’ ಅಂತ. ಆಫ್ ಮಾಡಿರುವ ಆ 0.2 ಶೇಕಡಾ ಜನಕ್ಕೆ ಅದು ಸಿಗುತ್ತೆ. ಆನ್ ಇದ್ದೂ ಸ್ಕ್ರಿಪ್ಟು ದಾರೀಲಿ ಕಳೆದುಹೋದ 0.9 ಶೇಕಡಾ ಜನಕ್ಕೆ ಆ ಸಾಲೂ ಕಾಣಲ್ಲ, ಬಿಳಿ ಪರದೆ. ಅದಕ್ಕೇ ಈಗಿನ ಪ್ರಾಜೆಕ್ಟಿನಲ್ಲಿ ದರಪಟ್ಟಿಯ ಪುಟವನ್ನು ಬದಲಾಯಿಸ್ತಿದೀನಿ. ಪಟ್ಟಿ ಸರ್ವರ್‌ನಿಂದಲೇ ಎಚ್‌ಟಿಎಂಎಲ್ ಆಗಿ ಬರಲಿ. ಸ್ಕ್ರಿಪ್ಟು ಆಮೇಲೆ ಬಂದು, ಬಂದರೆ, ಸಾರ್ಟಿಂಗು ಫಿಲ್ಟರು ಸೇರಿಸಲಿ. ರಿವ್ಯೂನಲ್ಲಿ ಅದೇ ಹುಡುಗ ಕಾಮೆಂಟ್ ಹಾಕಿದ್ದಾನೆ: “ಒಂದೇ ಟೇಬಲ್‌ಗೆ ಎರಡೆರಡು ಕಡೆ ಕೋಡ್ ಯಾಕೆ ಗುರು?” ಅವನು ಕೇಳಿದ್ದು ಸರಿಯಾಗೇ ಇದೆ, ಕೆಲಸ ಎರಡರಷ್ಟಾಗುತ್ತೆ. ಸೋಮವಾರ ಕೂತು ಮಾತಾಡೋಣ ಅಂತ ಬರೆದಿದೀನಿ.